ಮಟ್ಟು ಬದಲಾಯಿತೆಂಬ ಕೂಗು

ರಘು ದೀಕ್ಷಿತರ ವಾದ್ಯಗೋಷ್ಠಿ ಮೊದಲಿನಂತಿಲ್ಲವೆಂಬುದು ಅದರ ಅಭಿಮಾನಿಗಳಲ್ಲಿ ಒಂದು ಪಕ್ಷದವರ ದೂರು. ಮೊದಲಿನಂತೆಯೇ ಇರತಕ್ಕದ್ದೆಂದು ಯಾವ ಶಾಸ್ತ್ರ ವಿಧಿಸಿದೆಯೆಂಬುದು ಇನ್ನೊಂದು ಪಕ್ಷದವರ ಮರುಪ್ರಶ್ನೆ. ೨೦೦೮ರಲ್ಲಿ ಹೊರಬಿದ್ದ ಮೊದಲ ಗೀತಸಂಪುಟವನ್ನು ಎದೆಗೊತ್ತಿಕೊಂಡವರಲ್ಲಿ ಕೆಲವರು ೨೦೧೩ರ ಎರಡನೆಯ ಸಂಪುಟವನ್ನು ಕೇಳಿ ಮುಖ ಸಿಂಡರಿಸಿದರು. ಎರಡನೆಯದರಿಂದ ಕೇಳತೊಡಗಿದವರು ಇವರನ್ನು ಹಳೆಯ ತಲೆಗಳೆಂದು ನಕ್ಕರು. ಚಲನಚಿತ್ರಗಳಿಗಾಗಿ ದೀಕ್ಷಿತರು ಮಾಡಿದ ಸಂಗೀತವು ಈ ಜಗಳದ ಒಲೆಗೆ ಮತ್ತಷ್ಟು ಸೌದೆಯನ್ನೊದಗಿಸಿತು. ಉಭಯಪಕ್ಷದವರೂ ವಿದ್ಯಾವಂತರು, ಉಭಯರೂ ಸಂಗೀತವನ್ನು ಪ್ರೀತಿಸುವವರು. ಆದರೆ ಕೇಳಬೇಕಾದ ಪ್ರಶ್ನೆಯನ್ನು ಉಭಯರೂ ಕೇಳದೆ ಬಿಟ್ಟಿದ್ದಾರೆ. ಗಿಟಾರು ಎಷ್ಟು ಗಟ್ಟಿಯಾಯಿತು, ಡ್ರಮ್ಮು ಎಷ್ಟು ಹೆಚ್ಚಿತು, ಪಿಟೀಲಿನ ಪಾಲು ಎಷ್ಟು ಕುಗ್ಗಿತು ಎಂಬ ಲೆಕ್ಕವನ್ನು ಬಿಡಿಕಾಸು ಬಿಡದೆ ಒಪ್ಪಿಸುವ ಈ ಮಹನೀಯರು, ಹಾಡಿನಲ್ಲಿ ಮಾತೊಂದಿತ್ತಲ್ಲ, ಅದರ ಗತಿಯೇನಾಯಿತೆಂದು ವಿಚಾರಿಸುವುದಿಲ್ಲ.

ಈ ಜಗಳದ ಸ್ವರೂಪವನ್ನು ತಿಳಿಯಬೇಕಾದರೆ ಬೆಂಗಳೂರಿನ ಪೂರ್ವಭಾಗವನ್ನು ನೋಡಬೇಕು. ಕಲ್ಯಾಣ ನಗರವು ಹೆಣ್ಣೂರು, ಬಾಣಸವಾಡಿಗಳೆಂಬ ಹಳೆಯ ಊರುಗಳ ನೆರೆಯಲ್ಲಿ, ಹೊರವರ್ತುಲ ರಸ್ತೆಯ ಮಗ್ಗುಲಲ್ಲಿ ಎದ್ದ ಹೊಸ ಬಡಾವಣೆ. ಅಲ್ಲಿನ ಬೀದಿಯೊಂದರಲ್ಲಿ ನಾಲ್ಕು ಹೆಜ್ಜೆ ನಡೆಯುವುದರೊಳಗೆ ಕನ್ನಡ, ತಮಿಳು, ತೆಲುಗು, ಮಲಯಾಳ, ಹಿಂದಿ, ಇಂಗ್ಲಿಷುಗಳು ಕಿವಿಗೆ ಬೀಳುತ್ತವೆ. ಆಫ್ರಿಕ ಖಂಡದಿಂದ ವ್ಯಾಸಂಗಕ್ಕಾಗಿ ಬಂದ ತರುಣರೂ ಆ ಸುತ್ತಿನಲ್ಲಿ ಬಿಡಾರ ಮಾಡಿದ್ದಾರೆ. ೧೮೦೯ರಲ್ಲಿ ದಂಡು ನೆಲೆಗೊಂಡಂದಿನಿಂದ ನಗರದ ಈ ದಿಕ್ಕಿನವರ ಕಿವಿ ಬೆರಕೆಯ ನಾದಕ್ಕೆ ಒಗ್ಗಿದುದು. ಪಟ್ಟಾಳದ ಬ್ಯಾಂಡು ಒಂದು ಕಡೆ, ಇಗರ್ಜಿಯ ಆರ್ಗನ್ನು ಒಂದು ಕಡೆ, ಹಲಸೂರಿನ ಸೋಮೇಶ್ವರನ ಗುಡಿಯ ನಾಗಸ್ವರ ಇನ್ನೊಂದು ಕಡೆ. ಈಚಿನ ಕಾಲದಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ಆಂಗ್ಲ ತಂಡ ೨೦೦೩ರಲ್ಲಿಯೂ, ಐರನ್ ಮೇಡನ್ ೨೦೦೭ರಲ್ಲಿಯೂ, ಅಮೆರಿಕದ ಮೆಟಾಲಿಕ ೨೦೧೧ರಲ್ಲಿಯೂ ಬೆಂಗಳೂರಿನ ಅರಮನೆಯ ಮೈದಾನದಲ್ಲಿ ನುಡಿಸಿಹೋದುವು. ಆದಕಾರಣ ರಾಕ್ ಸಂಗೀತವೆಂದರೆ ಇಲ್ಲಿಯ ಮನೆಗಳಲ್ಲಿ ಯಾರೂ ಬೆಚ್ಚಿಬೀಳುವುದಿಲ್ಲ. ಬೆಚ್ಚಬೇಕಾದ ಸಂಗತಿ ಬೇರೆಯಿದೆ. ಈ ಮನೆಗಳ ಮಕ್ಕಳಲ್ಲಿ ಬಹುಮಂದಿ ಕನ್ನಡವನ್ನು ಶಾಲೆಯಲ್ಲಿ ಎರಡನೆಯ ಇಲ್ಲವೆ ಮೂರನೆಯ ಭಾಷೆಯಾಗಿ ಓದಿ ಮುಗಿಸಿದವರು. ಶಿಶುನಾಳ ಷರೀಫ ಸಾಹೇಬರ ಹೆಸರು ಇಂಥವರಲ್ಲಿ ಅನೇಕರಿಗೆ ದೊರೆತದ್ದು ಪುಸ್ತಕದಿಂದಲೂ ಅಲ್ಲ, ಅಜ್ಜನ ಬಾಯಿಂದಲೂ ಅಲ್ಲ. ರಘು ದೀಕ್ಷಿತರ ಕಂಠದಿಂದ. ಹೀಗಿರಲು ಆ ಗೋಷ್ಠಿಯ ಧ್ವನಿ ಬದಲಾಯಿತೋ ಇಲ್ಲವೋ ಎಂಬುದು ಹವ್ಯಾಸಿಗಳ ಹರಟೆಯೆಂದು ತಳ್ಳಿಬಿಡತಕ್ಕ ವಿಷಯವಲ್ಲ. ಒಂದು ಪೀಳಿಗೆಯ ಕನ್ನಡವು ಯಾವ ನೂಲಿನಲ್ಲಿ ತೂಗಾಡುತ್ತಿದೆಯೋ ಆ ನೂಲಿನ ವಿಚಾರವದು.

ದೀಕ್ಷಿತರು ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವರು, ಭರತನಾಟ್ಯವನ್ನು ಕ್ರಮವಾಗಿ ಅಭ್ಯಾಸ ಮಾಡಿದವರು, ಗಿಟಾರನ್ನು ಮಾತ್ರ ತಾವಾಗಿಯೇ ಕಲಿತರು. ಮೊದಲು ‘ಅಂತರಾಗ್ನಿ’ ಎಂಬ ಹೆಸರಿನಲ್ಲಿದ್ದ ಅವರ ತಂಡ, ಮುಂದೆ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಆಯಿತು. ೨೦೦೮ರ ಸಂಪುಟವನ್ನು ಹೊರತಂದದ್ದು ಮುಂಬಯಿಯ ಚಿತ್ರಸಂಗೀತಗಾರರಾದ ವಿಶಾಲ್–ಶೇಖರ್ ಜೋಡಿಯ ಸಂಸ್ಥೆ. ಅದರಲ್ಲಿ ಹಿಂದಿಯ ಗೀತಗಳ ನಡುವೆ ಷರೀಫ ಸಾಹೇಬರ ಪದಗಳಿದ್ದುವು: ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ. ೨೦೧೦ರಲ್ಲಿ ಬಿ.ಬಿ.ಸಿ.ಯ ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡರ ಕಾರ್ಯಕ್ರಮದಲ್ಲಿ ಈ ತಂಡ ಹಾಡಿತು. ೨೦೧೧ರಲ್ಲಿ ಗ್ಲಾಸ್ಟನ್‌ಬರಿಯ ಉತ್ಸವದಲ್ಲಿ ಹಾಡಿತು. ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸ ತಂಡಗಳಲ್ಲಿ ಶ್ರೇಷ್ಠವೆಂಬ ಪ್ರಶಸ್ತಿಯನ್ನಿತ್ತಿತು. ಬಣ್ಣದ ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುತ್ತ ಹಾಡುವ ಕನ್ನಡಿಗನನ್ನು ಇಂಗ್ಲೆಂಡಿನ ಕೆಸರಿನ ಹೊಲದಲ್ಲಿ ನಿಂತ ಜನ ಕೇಳಿದರು. ಇದು ಸಣ್ಣ ಸಂಗತಿಯೆಂದು ಹೇಳುವವನು ಅಸೂಯೆಗೊಳಗಾದವನೇ ಸರಿ. ೨೦೧೩ರ ‘ಜಗ್ ಚಂಗಾ’ ಎಂಬ ಎರಡನೆಯ ಸಂಪುಟದಲ್ಲಿ ವಾದ್ಯಗಳ ಮೇಳ ದೊಡ್ಡದಾಯಿತು, ಹೊರದೇಶದವರ ಕೈಯೂ ಸೇರಿತು, ಒಟ್ಟು ನಾದ ಅಗಲವಾಯಿತು. ‘ಲವ್ ಮಾಕ್‌ಟೇಲ್’ ಮೊದಲಾದ ಕನ್ನಡ ಚಿತ್ರಗಳಿಗೆ ಅವರು ಕೊಟ್ಟ ಸಂಗೀತ ಮತ್ತೊಂದು ಬಗೆಯದು.

ಇನ್ನು ಪೂರ್ವಪಕ್ಷವನ್ನು ಅದರ ಬಲದೊಡನೆಯೇ ನಿರೂಪಿಸಬೇಕು. ದುರ್ಬಲಗೊಳಿಸಿ ಗೆಲ್ಲುವುದು ನ್ಯಾಯವಲ್ಲ. ಮೊದಲಿನ ಧ್ವನಿಯನ್ನು ಬಯಸುವವರು ಹೇಳುವುದಿಷ್ಟು: ಆ ಹಾಡುಗಳಲ್ಲಿ ಬಯಲಿತ್ತು, ಒಂದು ಗಿಟಾರು, ಒಂದು ಪಿಟೀಲು, ಒಂದು ಒರಟು ಕಂಠ ಇವುಗಳ ನಡುವೆ ಉಸಿರಾಡಲು ಎಡೆಯಿತ್ತು. ಈಗ ಎಲ್ಲವೂ ತುಂಬಿಹೋಗಿದೆ. ಜಗತ್ತಿನ ಮೂಲೆಮೂಲೆಯ ರುಚಿಯನ್ನು ಬೆರಸಿ ಎಲ್ಲಿಯದೂ ಅಲ್ಲದ ಅಡಿಗೆ ಮಾಡಿದ್ದಾರೆ. ಊರಿನವರಿಗಾಗಿ ಹಾಡುತ್ತಿದ್ದವರು ಊರಾಚೆಯವರಿಗಾಗಿ ಹಾಡುತ್ತಿದ್ದಾರೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ವಾದ್ಯ ಹೆಚ್ಚಿದಷ್ಟೂ ರಸ ಹೆಚ್ಚುವುದಾಗಿದ್ದರೆ ಮದುವೆಯ ಮೆರವಣಿಗೆಯ ಬ್ಯಾಂಡಿಗಿಂತ ದೊಡ್ಡ ಸಂಗೀತವೇ ಇರುತ್ತಿರಲಿಲ್ಲ.

ಆದರೆ ಈ ಪಕ್ಷದವರು ‘ಮೂಲ’ವೆಂಬ ಶಬ್ದವನ್ನು ಬಾಯಿಗೆ ತಂದೊಡನೆ ಅವರ ವಾದ ಕುಸಿಯತೊಡಗುತ್ತದೆ. ಯಾವುದು ಮೂಲ? ಷರೀಫ ಸಾಹೇಬರು ೧೮೧೯ರಿಂದ ೧೮೮೯ರವರೆಗೆ ಬಾಳಿದವರು. ಧಾರವಾಡದ ಸೀಮೆಯ, ಈಗಿನ ಹಾವೇರಿ ಜಿಲ್ಲೆಯ, ಶಿಶುನಾಳದವರು. ಕೆಲವು ಕಾಲ ಶಾಲೆಯ ಉಪಾಧ್ಯಾಯರಾಗಿದ್ದವರು. ಕಳಸದ ಗೋವಿಂದ ಭಟ್ಟರ ಶಿಷ್ಯರು. ಅವರು ಹಾಡಿದ ಧಾಟಿಯನ್ನು ಹಿಡಿದಿಡುವ ಯಂತ್ರ ಆ ದಿನಗಳಲ್ಲಿ ಶಿಶುನಾಳದಲ್ಲಿರಲಿಲ್ಲ. ಪದಗಳು ಬಾಯಿಂದ ಬಾಯಿಗೆ, ಏಕತಾರಿ ದಮ್ಮಡಿಗಳ ಜೊತೆಯಲ್ಲಿ, ಊರಿಗೊಂದು ವರಸೆಯಾಗಿ ಉಳಿದುಬಂದುವು. ಬಳಿಕ ಸಿ. ಅಶ್ವತ್ಥರು ಬಂದರು. ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ ೧೯೯೦ರಲ್ಲಿ ತೆರೆಗೆ ಬಂದಾಗ ಅಶ್ವತ್ಥರ ಮಟ್ಟುಗಳು ನಾಡಿನ ಮೂಲೆಮೂಲೆಗೆ ಹಬ್ಬಿದುವು. ತಬಲಾ, ಕೊಳಲು, ಪಿಟೀಲುಗಳ ಮೇಳದೊಡನೆ ಎತ್ತರದ ಕಂಠದಲ್ಲಿ ಅವರು ಹಾಡಿದ್ದು ಭಜನೆಯ ಕಟ್ಟೆಯ ಮೇಲಿನ ಹಾಡಿನಂತಿರಲಿಲ್ಲವೆಂಬುದು ನಿರ್ವಿವಾದ. ಇಂದು ಅಶ್ವತ್ಥರ ಮಟ್ಟನ್ನೇ ಷರೀಫ ಸಾಹೇಬರ ಮಟ್ಟೆಂದು ಭಾವಿಸಿ ದೀಕ್ಷಿತರ ಮೇಲೆ ಕೋಪಿಸಿಕೊಳ್ಳುವ ಹಿರಿಯರಿದ್ದಾರೆ. ೨೦೦೮ರ ಮಟ್ಟನ್ನೇ ಮೂಲವೆಂದು ಭಾವಿಸಿ ೨೦೧೩ರ ದೀಕ್ಷಿತರ ಮೇಲೆ ಕೋಪಿಸಿಕೊಳ್ಳುವ ಕಿರಿಯರೂ ಇದ್ದಾರೆ. ಒಂದೇ ಮನೆಯ ಹಜಾರದಲ್ಲಿ ತಂದೆ ಮಗನನ್ನೂ ಮಗ ದೀಕ್ಷಿತರನ್ನೂ ದೂರುವ ಈ ವ್ಯವಹಾರದಲ್ಲಿ ಇಬ್ಬರ ಮೂಲವೂ ಅವರವರ ಯೌವನವೆಂಬುದನ್ನು ಕಾಣಲು ದಿವ್ಯದೃಷ್ಟಿ ಬೇಕಾಗಿಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಕೇಳಿದ್ದು ಮೂಲ. ನಲವತ್ತರಲ್ಲಿ ಕೇಳಿದ್ದು ಅಪಭ್ರಂಶ. ಇದು ಸಂಗೀತವಿಮರ್ಶೆಯಲ್ಲ, ಜಾತಕ ನೋಡುವ ಕ್ರಮ.

ಹೊರನಾಡಿನ ನಾದ ಸೇರಿದುದರಿಂದ ಸಂಗೀತ ಮೈಲಿಗೆಯಾಯಿತೆಂಬ ಮಾತಿಗೂ ಚರಿತ್ರೆ ಸಾಕ್ಷಿ ಹೇಳುವುದಿಲ್ಲ. ಮುತ್ತುಸ್ವಾಮಿ ದೀಕ್ಷಿತರು (೧೭೭೫–೧೮೩೫) ಮದರಾಸಿನ ಬಳಿಯ ಮಣಲಿಯಲ್ಲಿದ್ದಾಗ ಕೋಟೆಯ ಪಟ್ಟಾಳದ ಬ್ಯಾಂಡನ್ನು ಕೇಳಿ, ಆ ಆಂಗ್ಲ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ರಚಿಸಿದರು. ನೊಟ್ಟುಸ್ವರಗಳೆಂದು ಪ್ರಸಿದ್ಧವಾದ ಅವುಗಳಲ್ಲಿ ಒಂದರ ಮಟ್ಟು ಇಂಗ್ಲೆಂಡಿನ ರಾಜಗೀತದ್ದೇ. ಶ್ರೀವಿದ್ಯೋಪಾಸಕರಾದ ದೀಕ್ಷಿತರಿಗೆ ಅದರಿಂದ ಆಚಾರಭಂಗವಾದಂತೆ ತೋರಲಿಲ್ಲ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ವಿದೇಶದ ಪಿಟೀಲನ್ನು ಕಲಿತು ಕರ್ಣಾಟಕ ಸಂಗೀತದ ಕಛೇರಿಗೆ ತಂದರು. ಇಂದು ಪಿಟೀಲಿಲ್ಲದ ಕಛೇರಿ ಅಪೂರ್ವ. ಅದೇ ಪಿಟೀಲಿಗೆ ತಿರುಮಕೂಡಲು ಚೌಡಯ್ಯನವರು ಏಳು ತಂತಿಗಳನ್ನು ಕಟ್ಟಿದರು. ಜಯಚಾಮರಾಜ ಒಡೆಯರವರು ಒಂದು ಕಡೆ ಸಂಸ್ಕೃತದಲ್ಲಿ ಕೃತಿಗಳನ್ನು ರಚಿಸುತ್ತ, ಇನ್ನೊಂದು ಕಡೆ ರಷ್ಯಾದ ಮೆಡ್ಟ್‌ನರನ ಸಂಗೀತ ಧ್ವನಿಮುದ್ರಣವಾಗುವುದಕ್ಕೆ ಹಣವನ್ನೊದಗಿಸಿದರು. ಬೆಲ್ಜಿಯಂ ದೇಶದವನೊಬ್ಬ ನಿರ್ಮಿಸಿದ ಸ್ಯಾಕ್ಸೊಫೋನನ್ನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡು ಮೋಹಗೊಂಡ ಕದ್ರಿ ಗೋಪಾಲನಾಥರು ಅದರಲ್ಲಿ ತ್ಯಾಗರಾಜರ ಕೃತಿಗಳನ್ನು ನುಡಿಸಿದರು. ಎಲ್ಲೆಡೆಯೂ ದೂರುವವರಿದ್ದರು. ಆಕಾಶವಾಣಿಯಲ್ಲಿಯೇ ೧೯೪೦ರಿಂದ ಮೂರು ದಶಕಗಳ ಕಾಲ ಹಾರ್ಮೋನಿಯಮ್ಮಿಗೆ ಬಹಿಷ್ಕಾರವಿತ್ತು. ಆ ಅವಧಿಯುದ್ದಕ್ಕೂ ಕನ್ನಡನಾಡಿನ ನಾಟಕದ ಮನೆಗಳಲ್ಲಿ ಅದೇ ಪೆಟ್ಟಿಗೆ ದೊರೆತನ ಮಾಡುತ್ತಿತ್ತು.

ಹೊರಗಿನವರಲ್ಲಿಯೂ ಇದೇ ಕಥೆ. ಅಮೆರಿಕದ ಬಾಬ್ ಡಿಲನ್ ೧೯೬೫ರಲ್ಲಿ ನ್ಯೂಪೋರ್ಟಿನ ಜನಪದ ಸಂಗೀತೋತ್ಸವಕ್ಕೆ ವಿದ್ಯುತ್ ಗಿಟಾರು ಹಿಡಿದು ಬಂದಾಗ ಸಭೆಯಲ್ಲಿ ಹೀಯಾಳಿಕೆ ಕೇಳಿಬಂದಿತು. ಮರುವರ್ಷ ಮ್ಯಾಂಚೆಸ್ಟರಿನಲ್ಲಿ ಶ್ರೋತೃವೊಬ್ಬ ಅವನನ್ನು ಯೇಸುವನ್ನು ಹಿಡಿದುಕೊಟ್ಟ ಜೂಡಾಸನೆಂದು ಕೂಗಿ ಕರೆದ. ಐವತ್ತು ವರ್ಷ ಕಳೆದು, ೨೦೧೬ರಲ್ಲಿ ಅದೇ ಡಿಲನ್ನನಿಗೆ ಸಾಹಿತ್ಯದ ನೊಬೆಲ್ ಬಹುಮಾನ ಬಂದಿತು. ಸಾಹಿತ್ಯದ್ದು ಎಂಬುದನ್ನು ಗಮನಿಸಬೇಕು: ಗಿಟಾರಿಗೆ ಬಂದದ್ದಲ್ಲ.

ಇಷ್ಟು ಕೇಳಿದೊಡನೆ ಎರಡನೆಯ ಪಕ್ಷದವರು ತಮ್ಮದೇ ಗೆಲುವೆಂದು ಚಪ್ಪಾಳೆ ತಟ್ಟಬಹುದು. ಅವರು ಸ್ವಲ್ಪ ತಾಳಬೇಕು. ಬದಲಾವಣೆ ಜೀವದ ಲಕ್ಷಣ, ಹರಿಯುವ ನೀರು ಶುದ್ಧ, ಕಾಲಕ್ಕೆ ತಕ್ಕ ಕೋಲ, ಇಂಥ ನಾಲ್ಕು ಮಾತುಗಳನ್ನು ಹೇಳಿಬಿಟ್ಟರೆ ಅವರ ವಾದಭಂಡಾರ ಬರಿದಾಗುತ್ತದೆ. ಹರಿಯುವ ನೀರೆಲ್ಲ ಶುದ್ಧವೆಂಬುದನ್ನು ವೃಷಭಾವತಿಯ ದಂಡೆಯಲ್ಲಿರುವವರು ಒಪ್ಪಲಾರರು. ಬದಲಾದುದೆಲ್ಲವೂ ಬೆಳೆದುದಲ್ಲ. ಯಾವುದು ಬದಲಾಗಬಹುದು, ಯಾವುದು ಬದಲಾಗಬಾರದು ಎಂಬ ವಿವೇಕವನ್ನು ಕೇಳಿದರೆ ಈ ಪಕ್ಷದವರು ಕಲಾವಿದನ ಸ್ವಾತಂತ್ರ್ಯವೆಂಬ ಗುರಾಣಿಯನ್ನು ಅಡ್ಡ ಹಿಡಿಯುತ್ತಾರೆ. ಸ್ವಾತಂತ್ರ್ಯವನ್ನು ಯಾರೂ ಅಲ್ಲಗಳೆದಿಲ್ಲ. ಆದರೆ ಪರರ ಸಾಹಿತ್ಯವನ್ನೆತ್ತಿಕೊಂಡು ಹಾಡುವವನು ಒಂದು ನ್ಯಾಸವನ್ನು ಕೈಯಲ್ಲಿ ಹಿಡಿದಿದ್ದಾನೆ. ಇಟ್ಟವನಿಗೆ ಅದನ್ನು ಹೇಗಿತ್ತೋ ಹಾಗೆ ಒಪ್ಪಿಸುವುದು ಅವನ ಹೊಣೆ. ಸ್ವಂತ ಗೀತದಲ್ಲಿ ಅವನಿಗಿರುವ ಸಲುಗೆ ಇಲ್ಲಿ ಇರುವುದಿಲ್ಲ.

ನೊಟ್ಟುಸ್ವರಗಳ ಉದಾಹರಣೆಯಿಂದಲೇ ಇದನ್ನು ಪರೀಕ್ಷಿಸಬಹುದು. ಮುತ್ತುಸ್ವಾಮಿ ದೀಕ್ಷಿತರು ಮಟ್ಟನ್ನು ಹೊರಗಿನಿಂದ ತಂದರು, ಮಾತನ್ನು ತಮ್ಮದಾಗಿಸಿಕೊಂಡರು. ಬ್ಯಾಂಡಿನ ಹೆಜ್ಜೆಗೆ ಸಂಸ್ಕೃತದ ಗುರುಲಘುಗಳು ಕೂಡಿಬರುವಂತೆ ಪದವಿಟ್ಟರು. ಈ ನೊಟ್ಟುಸ್ವರಗಳು ಅವರ ಮಹಾಕೃತಿಗಳ ಸಾಲಿಗೆ ಸೇರತಕ್ಕವಲ್ಲವೆಂಬುದು ನಿಜ. ಮಕ್ಕಳ ಬಾಯಿಗೆ ಒಪ್ಪುವಂಥವು. ಆದರೂ ಅಲ್ಲಿ ಮಟ್ಟು ಮಾತನ್ನು ತುಳಿಯುವುದಿಲ್ಲ. ಬೆಂಗಳೂರಿನದೇ ಇನ್ನೊಂದು ತಂಡವಾದ ‘ಅಗಂ’ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ೨೦೦೩ರಲ್ಲಿ ಕೂಡಿದ ಈ ತಂಡದ ಸಂಪುಟಗಳು ೨೦೧೨ರಲ್ಲಿಯೂ ೨೦೧೭ರಲ್ಲಿಯೂ ಬಂದುವು. ಅದೇ ದೀಕ್ಷಿತರು ಬೃಂದಾವನಸಾರಂಗ ರಾಗದಲ್ಲಿ ಶ್ರೀರಂಗದ ರಂಗನಾಥನ ಮೇಲೆ ರಚಿಸಿದ ಕೃತಿಯನ್ನು ಈ ತಂಡದವರು ವಿದ್ಯುತ್ ಗಿಟಾರು ಡ್ರಮ್ಮುಗಳೊಡನೆ ಹಾಡಿ ಜನಪ್ರಿಯಗೊಳಿಸಿದ್ದಾರೆ. ಕಛೇರಿಯ ಸಂಪ್ರದಾಯಸ್ಥರು ಗಿಟಾರನ್ನು ಕೇಳಿಯೇ ಎದ್ದುಹೋಗುತ್ತಾರೆ. ತರುಣರು ಗಿಟಾರನ್ನು ಕೇಳಿಯೇ ಕುಳಿತುಕೊಳ್ಳುತ್ತಾರೆ. ಉದ್ದವಾದ ಸಮಾಸವು ಎಲ್ಲಿ ಒಡೆಯಿತು, ಎಲ್ಲಿ ಒಡೆಯಬಾರದಾಗಿತ್ತು ಎಂಬುದನ್ನು ಎದ್ದುಹೋದವರೂ ಗಮನಿಸುವುದಿಲ್ಲ, ಕುಳಿತವರೂ ಗಮನಿಸುವುದಿಲ್ಲ. ಡ್ರಮ್ಮಿನ ಪೆಟ್ಟಿಗಾಗಿ ಸಮಾಸವನ್ನು ಕತ್ತರಿಸಿದರೆ ಅದು ದೋಷ. ಶ್ರುತಿಪೆಟ್ಟಿಗೆಯ ಮುಂದೆ ಪಂಚೆಯುಟ್ಟು ಕುಳಿತ ವಿದ್ವಾಂಸರು ಕತ್ತರಿಸಿದರೂ ಅಷ್ಟೇ ದೋಷ. ಎರಡನೆಯದು ಮೊದಲನೆಯದಕ್ಕಿಂತ ಅಪರೂಪವೆಂದು ಯಾರೂ ಎದೆ ತಟ್ಟಿ ಹೇಳಬೇಕಾಗಿಲ್ಲ.

ರಘು ದೀಕ್ಷಿತರನ್ನು ಇದೇ ಒರೆಗಲ್ಲಿಗೆ ತಿಕ್ಕಬೇಕು. ಸೋರುವ ಮಾಳಿಗೆಯ ಪದದಲ್ಲಿ ಮನೆಯೆಂದರೆ ಮಣ್ಣಿನ ಮನೆಯಲ್ಲ. ತೂತಿಗೆ ಕಾರಣ ಮಳೆಯಲ್ಲ, ಅಜ್ಞಾನ. ಗುಡುಗುಡಿಯ ಪದದಲ್ಲಿ ಹೊಗೆಯ ನೆಪದಿಂದ ಯೋಗದ ಮಾತು ನಡೆಯುತ್ತದೆ. ಇಂಥ ಪದದಲ್ಲಿ ಒಂದು ನುಡಿಯಿಂದ ಇನ್ನೊಂದು ನುಡಿಗೆ ರೂಪಕ ಬಿಚ್ಚಿಕೊಳ್ಳುತ್ತ ಹೋಗಿ, ಕೊನೆಯಲ್ಲಿ ಶಿಶುನಾಳಾಧೀಶನ ಅಂಕಿತದಲ್ಲಿ ಕೂಡಿಕೊಳ್ಳುತ್ತದೆ. ಅಂಕಿತದವರೆಗೆ ಹೋಗದ ಪದ, ರುಜುವಿಲ್ಲದ ಪತ್ರ. ಗೋಷ್ಠಿ ದೊಡ್ಡದಾಗಲಿ, ಚಿಕ್ಕದಾಗಲಿ, ಪಲ್ಲವಿಯೊಂದನ್ನೇ ಹತ್ತು ಸಾರಿ ಸಭೆಯಿಂದ ಹಾಡಿಸಿ ನುಡಿಗಳನ್ನು ಓಡಿಸಿಬಿಟ್ಟಲ್ಲಿ, ಅಥವಾ ಮಾತು ಕೇಳಿಸದಷ್ಟು ವಾದ್ಯದ ಗೋಡೆಯೆಬ್ಬಿಸಿದಲ್ಲಿ, ದೂರು ನ್ಯಾಯವಾದುದು. ಮಾತು ಸ್ಪಷ್ಟವಾಗಿ, ಅಂಕಿತದವರೆಗೆ, ಅರ್ಥದ ಕಡೆ ಒಂದು ಕಣ್ಣಿಟ್ಟು ಹಾಡಿದಲ್ಲಿ ವಾದ್ಯಗಳು ಯಾವ ದೇಶದವಾದರೇನು? ಹಾಡುವ ಮೊದಲು ಪದದ ತಾತ್ಪರ್ಯವನ್ನು ಸಭೆಗೆ ವಿವರಿಸುವುದು ದೀಕ್ಷಿತರ ಅಭ್ಯಾಸ. ಕನ್ನಡದ ಗಂಧವಿಲ್ಲದ ಆಂಗ್ಲರ ಎದುರಿನಲ್ಲಿಯೂ ಅವರು ಹೀಗೆ ಮಾಡಿದವರು. ಅವರ ಧ್ವನಿಯ ಬದಲಾವಣೆಯನ್ನು ಕುರಿತು ಅಷ್ಟೊಂದು ಮಾತು ಬೆಳೆದಿರುವಾಗ ಈ ಅಭ್ಯಾಸದ ಬಗ್ಗೆ ಒಂದು ಒಳ್ಳೆಯ ಮಾತೂ ಕೇಳಿಬರುವುದಿಲ್ಲವೆಂಬುದು ಅಭಿಮಾನಿಗಳ ಕಿವಿಯನ್ನು ಕುರಿತು ಬಹಳ ಹೇಳುತ್ತದೆ.

ಕನ್ನಡಿಗನಾಗಿ ಹಿಂದಿಯಲ್ಲೇಕೆ ಹಾಡಬೇಕೆಂಬ ಇನ್ನೊಂದು ದೂರುಂಟು. ಅದು ಬೇರೆ ವಿಚಾರ. ಹೊಟ್ಟೆಪಾಡಿನದೂ ಅದರಲ್ಲಿ ಸೇರಿದೆ. ಇಷ್ಟು ಮಾತ್ರ ಹೇಳಬಹುದು: ಹಿಂದಿಯ ಹಾಡಿಗಾಗಿ ಬಂದು ಕುಳಿತ ಕಲ್ಯಾಣ ನಗರದ ಮಲಯಾಳಿ ತರುಣನ ಕಿವಿಗೆ ಷರೀಫ ಸಾಹೇಬರ ಪದ ಬೀಳುವುದು ಈ ದಾರಿಯಿಂದಲೇ. ಈ ದೂರನ್ನು ಹೇಳುವ ಗೃಹಸ್ಥರ ಕಪಾಟಿನಲ್ಲಿ ಷರೀಫ ಸಾಹೇಬರ ಪದಗಳ ಪುಸ್ತಕವೊಂದಾದರೂ ಇದೆಯೆ? ಅಂಗಡಿಗಳಲ್ಲಿ ಅದು ಸಿಗುತ್ತದೆ. ಒಂದು ಸಿನಿಮಾ ಚೀಟಿಯ ಬೆಲೆಗೆ ಹೆಚ್ಚಾಗದು. ಪಠ್ಯವು ಮನೆಯಲ್ಲಿದ್ದರೆ ಯಾವ ತಂಡ ಯಾವ ನುಡಿಯನ್ನು ನುಂಗಿತೆಂಬುದನ್ನು ಹತ್ತನೆಯ ತರಗತಿಯ ಹುಡುಗಿಯೂ ಬೆರಳಿಟ್ಟು ತೋರಿಸಬಲ್ಲಳು. ಪಠ್ಯವೇ ಇಲ್ಲದ ಮನೆಯಲ್ಲಿ ‘ಹಾಳುಮಾಡಿದರು’ ಎಂಬ ಉದ್ಗಾರಕ್ಕೆ ಆಧಾರವೇನು?

ಕೊನೆಯದೊಂದು ಆಕ್ಷೇಪ ಉಳಿದಿದೆ. ಅದು ಧ್ವನಿಯ ಬದಲಾವಣೆಯ ಆಕ್ಷೇಪಕ್ಕಿಂತ ತೂಕವಾದುದು, ಆದರೂ ಅಷ್ಟಾಗಿ ಕೇಳಿಬರದುದು. ಇಂದಿರಾನಗರದಲ್ಲಿಯೂ ಕಲ್ಯಾಣ ನಗರದಲ್ಲಿಯೂ ಇಂಥ ತಂಡಗಳ ಸಂಗೀತ ಕೇಳಿಬರುವ ಸ್ಥಳಗಳಲ್ಲಿ ಅನೇಕವು ಮದ್ಯ ಮಾರುವ ಭೋಜನಶಾಲೆಗಳು. ತತ್ತ್ವಪದವನ್ನು ಅಂಥಲ್ಲಿ ಹಾಡಬಹುದೆ? ಸ್ಥಳವನ್ನು ಕುರಿತು ಹೇಸುವವರಿಗೆ ಷರೀಫ ಸಾಹೇಬರೇ ಉತ್ತರ ಕೊಟ್ಟುಬಿಟ್ಟಿದ್ದಾರೆ; ಗುಡುಗುಡಿಯನ್ನು ತತ್ತ್ವದೊಳಕ್ಕೆ ಎಳೆದು ತಂದವರು ಸ್ಥಳದ ಮಡಿಯನ್ನು ನೋಡಿದವರಲ್ಲ. ಆದರೆ ಅರ್ಥ ತಿಳಿಯದವನು ಕೈಯಲ್ಲಿ ಲೋಟ ಹಿಡಿದು ಆ ಪದವನ್ನು ಕೇಳಿದರೆ ಅದನ್ನು ತಂಬಾಕಿನ ಸ್ತೋತ್ರವೆಂದೇ ತಿಳಿದು ಕುಣಿಯುವನು. ಅದಕ್ಕಾಗಿಯೇ ಪದಕ್ಕೆ ಮೊದಲು ಎರಡು ನಿಮಿಷದ ವಿವರಣೆ ಅವಶ್ಯ. ಇಂಥ ವಿವರಣೆ ನಡೆಯುತ್ತಿರುವಾಗ, ಮಾತು ಸಾಕು, ಹಾಡು ಶುರುವಾಗಲಿ ಎಂದು ಹಿಂದಿನ ಸಾಲುಗಳಿಂದ ಕೂಗುವವರಿರುತ್ತಾರೆ. ಆ ಕೂಗಿನಲ್ಲಿ ಹಳೆಯ ಸಂಪುಟದವರ ಕಂಠವೂ ಹೊಸ ಸಂಪುಟದವರ ಕಂಠವೂ ಒಂದೇ ಶ್ರುತಿಯಲ್ಲಿರುತ್ತವೆ.